ಓದುಗರ ಪ್ರಶ್ನೆ: ಬಾಸ್ಕೆಟ್‌ಬಾಲ್ ಸೋಲಿಗೆ ಕೋಚ್ ಒಬ್ಬರೇ ಹೊಣೆಯೆ?

ಪ್ರಶ್ನೆ: ನಾನು ಓದಿದ ಕಾಲೇಜಿನ ಹುಡುಗರ ತಂಡ ಮೂರು ವರ್ಷದಿಂದ ಅಂತರ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಮೊದಲ ಸುತ್ತೇ ದಾಟಿಲ್ಲ. ಈ ಸಲ 41–68ರಲ್ಲಿ ಸೋತರು. ಕೋಚ್ ಕೈಕಟ್ಟಿ ಕೂತಿದ್ದರು, ಒಂದು ಟೈಮ್ ಔಟ್ ಕೂಡ ಕೇಳಲಿಲ್ಲ. ಅವರನ್ನು ಬದಲಿಸಿ ಎಂದು ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಪ್ರಾಂಶುಪಾಲರಿಗೆ ಮನವಿ ಕೊಡಬೇಕೆಂದಿದ್ದೇವೆ. ಸರಿಯೆ?
– ಹಳೆಯ ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಕೊಡಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಆ ಪಂದ್ಯದ ಸ್ಕೋರ್ ಶೀಟ್ ತರಿಸಿಕೊಂಡು ನೋಡಿ. ಸೋತ ತಂಡಕ್ಕೂ ಒಂದು ಪ್ರತಿ ಸಿಗುತ್ತದೆ. ಅದರಲ್ಲಿ ಓರೆ ಗೆರೆ ಎಂದರೆ ಆಟದಲ್ಲಿ ಬಿದ್ದ ಬುಟ್ಟಿ, ಆಟಗಾರನ ನಂಬರಿಗೆ ಸುತ್ತು ಹಾಕಿದ್ದರೆ ಮೂರಂಕದ್ದು, ಕಪ್ಪು ಚುಕ್ಕೆ ಎಂದರೆ ಬಿದ್ದ ಫ್ರೀ ಥ್ರೋ (ಎದುರಾಳಿಯ ಫೌಲಿಗೆ ಸಿಗುವ, ಯಾರೂ ಅಡ್ಡ ಬರದ ಒಂದು ಅಂಕದ ಎಸೆತ). ತಪ್ಪಿದ ಫ್ರೀ ಥ್ರೋವನ್ನು ಅಲ್ಲಿ ಬರೆಯುವುದೇ ಇಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಹಿಡಿಯಲು ಎದುರಾಳಿಗಳ ಫೌಲ್ ಚೌಕಗಳಿಗೆ ಹೋಗಿ. ಅಲ್ಲಿ ಫೌಲಿನ ಬಗೆ ಹೇಳುವ ಅಕ್ಷರದ ಪಕ್ಕ ಪುಟ್ಟದಾಗಿ 2 ಎಂದಿದ್ದರೆ ಆ ಫೌಲಿಗೆ ನಿಮ್ಮವರಿಗೆ ಎರಡು ಎಸೆತ ಸಿಕ್ಕಿತ್ತು ಎಂದರ್ಥ. ಆ ಅಂಕಿಗಳನ್ನೆಲ್ಲ ಕೂಡಿ, ನಿಮ್ಮ ಕಡೆಯ ಚುಕ್ಕೆಗಳನ್ನು ಎಣಿಸಿ. 22ರಲ್ಲಿ 9 ಮಾತ್ರ ಬಿದ್ದಿದ್ದರೆ 13 ಅಂಕ ಕೈಯಾರೆ ಕಳಕೊಂಡಂತೆ. ಇದು ಅಭ್ಯಾಸದ ಕೊರತೆ, ಕೋಚ್ ಉತ್ತರ ಹೇಳಲೇಬೇಕು.

ಟೈಮ್ ಔಟ್ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲರ್ಧಕ್ಕೆ 2, ಎರಡನೆಯ ಅರ್ಧಕ್ಕೆ 3 ಇರುತ್ತವೆ. ಮೊದಲರ್ಧದ್ದನ್ನು ಉಳಿಸಿ ಮುಂದಕ್ಕೆ ಒಯ್ಯುವಂತಿಲ್ಲ. ಸ್ಕೋರ್ ಶೀಟಿನಲ್ಲಿ ಬಳಸದ ಟೈಮ್ ಔಟ್ ಚೌಕಕ್ಕೆ ಎರಡು ಅಡ್ಡಗೆರೆ ಎಳೆದಿರುತ್ತಾರೆ. ಎದುರಾಳಿ ಒಂದೇ ಸಮನೆ ಎಂಟು ಹತ್ತು ಅಂಕ ಬಾರಿಸುತ್ತಿದ್ದಾಗಲೂ ಸುಮ್ಮನಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಟರ್ನೋವರ್ (ಚೆಂಡು ಕೈತಪ್ಪಿ ಎದುರಾಳಿಗೆ ಹೋದದ್ದು), ರೀಬೌಂಡ್ (ಬುಟ್ಟಿಗೆ ಬೀಳದೆ ವಾಪಸ್ ಬಂದ ಚೆಂಡು ಹಿಡಿದದ್ದು) ಈ ಹಾಳೆಯಲ್ಲಿ ಇರುವುದಿಲ್ಲ. ಮುಂದಿನ ಪಂದ್ಯಕ್ಕೆ ಇಬ್ಬರು ವಿದ್ಯಾರ್ಥಿಗಳ ಕೈಗೆ ನೋಟ್‌ಬುಕ್ ಕೊಟ್ಟು ಕೂರಿಸಿ. ಚೆಂಡು ಎಷ್ಟು ಸಲ ಕೈತಪ್ಪಿತು ಎನ್ನುವುದಕ್ಕಿಂತ ಎಲ್ಲಿ ಕೈತಪ್ಪಿತು ಎಂದು ಬರೆಸಿ. ನಮ್ಮ ಅರ್ಧದಲ್ಲೇ, ಪ್ರೆಸ್ ಬಂದಾಗ (ಎದುರಾಳಿ ಮುನ್ನುಗ್ಗಿ ಒತ್ತಿ ಹಿಡಿದಾಗ), 8 ಸೆಕೆಂಡಿನಲ್ಲಿ ಮಧ್ಯಗೆರೆ ದಾಟಲಾಗದೆ ಹೋದರೆ ತಂಡದಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದಕ್ಕೆ ತಂದು ಆಟ ನಡೆಸುವವ, ಇಲ್ಲವೆಂದೇ ಲೆಕ್ಕ. ಅದು ಬಹುಪಾಲು ಅಡ್ಮಿಷನ್ ಸಮಯದಲ್ಲೇ ಆದ ಸೋಲು, ಬೆಂಚಿನಲ್ಲಿ ಯಾರು ಕೂತರೂ ತಕ್ಷಣ ಸರಿಹೋಗದು. ಶಾಟ್ ಹೋದಾಗ ಯಾರೂ ಬಾಕ್ಸ್ ಔಟ್ ಮಾಡದಿದ್ದರೆ (ಎದುರಾಳಿಗೆ ಬೆನ್ನು ಕೊಟ್ಟು ರಿಂಗಿನಿಂದ ದೂರ ತಡೆಯದಿದ್ದರೆ), ಮೂರನೇ ಕ್ವಾರ್ಟರಿನಲ್ಲೇ ಇಬ್ಬರು ಐದು ಫೌಲಾಗಿ ಹೊರಬಿದ್ದರೆ, ಅದು ಕೋಚ್ ತಿದ್ದಬೇಕಾದ್ದು.

ಇನ್ನೊಂದು ವಿಚಾರಿಸಿ: ಅವರಿಗೆ ಎಷ್ಟು ದಿನ ಕೊಟ್ಟಿದ್ದರು? ಬಹಳಷ್ಟು ಪದವಿ ಕಾಲೇಜುಗಳಲ್ಲಿ ಕಬಡ್ಡಿಯಿಂದ ಅಥ್ಲೆಟಿಕ್ಸ್‌ವರೆಗೆ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು. ಬಾಸ್ಕೆಟ್‌ಬಾಲ್ ಕೋಚ್ ಅಂತ ಬರುವವರು ಪಂದ್ಯಾವಳಿಗೆ ಮೂರು ವಾರ ಇರುವಾಗ ಗೌರವಧನದ ಮೇಲೆ ಬಂದವರು. ಮೂರು ವಾರದಲ್ಲಿ ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ತಡೆಯುವುದು) ಕೂರಿಸಲು ಆಗುವುದಿಲ್ಲ, 2–3 ಜೋನ್ (ಮುಂದೆ ಇಬ್ಬರು, ಹಿಂದೆ ಮೂವರು ತಮ್ಮ ತಮ್ಮ ಜಾಗ ಕಾಯುವುದು) ಹಾಕಿಸುತ್ತಾರೆ. ಜೋನ್‌ನಲ್ಲಿ ಪ್ರತಿಯೊಬ್ಬರಿಗೂ ಜಾಗ ಗೊತ್ತು, ಯಾರನ್ನು ತಡೆಯಬೇಕೆಂಬುದು ಗೊತ್ತಿರುವುದಿಲ್ಲ. ಮೂಲೆಯಿಂದ ಶಾಟ್ ಹೋಗುತ್ತದೆ, ರಿಂಗಿಗೆ ತಾಗಿ ಬಂದ ಚೆಂಡು ಎದುರಾಳಿಗೇ ಸಿಗುತ್ತದೆ, ಮುಂದಿನ ಶಾಟಿಗೆ ಅವರಿಗೆ ಮತ್ತೆ 14 ಸೆಕೆಂಡು. ಹೊಸ ಕೋಚ್ ತಂದು ಅವರಿಗೂ ಅದೇ ಮೂರು ವಾರ ಕೊಟ್ಟರೆ ನೋಡಬೇಕಾದ್ದೂ ಇದೇ ಆಟ. ನಿಮ್ಮ ಮನವಿಯಲ್ಲಿ ಹೆಸರಿಗಿಂತ ಮುಂಚೆ ತಿಂಗಳುಗಳ ಲೆಕ್ಕ ಬರಲಿ: ತರಗತಿ ಶುರುವಾದ ವಾರದಿಂದಲೇ ಅಭ್ಯಾಸ, ವಾರಕ್ಕೆ ಐದು ಸಂಜೆ.

ಪ್ರಶ್ನೆ: ನಮ್ಮ ಊರಿನ ಪಿಯು ಕಾಲೇಜುಗಳಲ್ಲಿ ಚೆನ್ನಾಗಿ ಆಡುವ ಹುಡುಗರಿದ್ದಾರೆ. ಪದವಿಗೆ ಬರುವಾಗ ಎಲ್ಲರೂ ಬೆಂಗಳೂರಿನ ಬಸ್ ಹತ್ತುತ್ತಾರೆ. ನಮಗೆ ಉಳಿಯುವವರು ಹತ್ತನೇ, ಹನ್ನೊಂದನೇ ಆಟಗಾರರು. ತಡೆಯುವುದು ಹೇಗೆ?
– ಕ್ರೀಡಾ ಸಮಿತಿ ಸದಸ್ಯ, ಮಂಡ್ಯ

ಉತ್ತರ: ಫೀಸು, ಹಾಸ್ಟೆಲು, ಶೂ ಕೊಡುವ ಕಾಲೇಜಿನ ಜೊತೆ ದುಡ್ಡಿನಲ್ಲಿ ಪೈಪೋಟಿ ಮಾಡಲು ಹೋಗಬೇಡಿ. ನಿಮ್ಮ ಹತ್ತಿರ ಇರುವುದು ಆಟದ ಸಮಯ. ಅಲ್ಲಿ 12 ಜನರ ಪಟ್ಟಿಯಲ್ಲಿ ಕೊನೆಯವನಾಗಿ ಎರಡು ವರ್ಷ ಬೆಂಚ್ ಕಾಯುವ ಹುಡುಗ, ಇಲ್ಲಿ ಮೊದಲ ವರ್ಷವೇ ಪಂದ್ಯದ 40 ನಿಮಿಷದಲ್ಲಿ 30 ಆಡಬಹುದು. ಇದನ್ನು ಹುಡುಗನಿಗಲ್ಲ, ಅವನ ತಂದೆ ತಾಯಿಗೆ, ಮನೆಗೆ ಹೋಗಿ ಹೇಳಬೇಕು. ಯಾವಾಗ? ಫಲಿತಾಂಶ ಬಂದ ಮೇಲೆ ಅಲ್ಲ. ಅಷ್ಟು ಹೊತ್ತಿಗೆ ಬೇರೆಯವರು ಮಾತಾಡಿ ಮುಗಿಸಿರುತ್ತಾರೆ. ತಾಲ್ಲೂಕು, ಜಿಲ್ಲಾ ಮಟ್ಟದ ಪಿಯು ಪಂದ್ಯಗಳಲ್ಲೇ ನೋಡಿಟ್ಟುಕೊಂಡು, ದ್ವಿತೀಯ ಪಿಯು ಪರೀಕ್ಷೆಯ ಓದು ಶುರುವಾಗುವ ಮೊದಲೇ ಒಮ್ಮೆ ಮಾತಾಡಿ, ಪರೀಕ್ಷೆ ಮುಗಿದ ವಾರ ಮತ್ತೆ ಹೋಗಿ.

ಎಲ್ಲರನ್ನೂ ಬಾಚಿಕೊಳ್ಳುವ ಆಸೆ ಬೇಡ. ವರ್ಷಕ್ಕೆ ಇಬ್ಬರು ಸಾಕು: ಎರಡೂ ಕೈಯಲ್ಲಿ ಡ್ರಿಬಲ್ ಮಾಡುವ (ಚೆಂಡು ಪುಟಿಸುತ್ತ ಸಾಗುವ), ತಲೆ ಎತ್ತಿ ಆಡುವ ಒಬ್ಬ ಗಾರ್ಡ್, ರೀಬೌಂಡಿಗೆ ಹೋಗುವ ಒಬ್ಬ ಎತ್ತರದವ. ಎತ್ತರಕ್ಕೇ ಮರುಳಾಗುವುದು ನಮ್ಮವರ ಹಳೇ ಚಾಳಿ. ಆರಡಿ ಮೂರಂಗುಲ ಇದ್ದು ಪಕ್ಕಕ್ಕೆ ಕಾಲು ಸರಿಯದ ಹುಡುಗ ಫೌಲ್ ಮಾಡಿಯೇ ಮುಗಿದುಹೋಗುತ್ತಾನೆ. ಚೆಂಡು ಕೈಯಲ್ಲಿ ಇಲ್ಲದಾಗ ಅವನು ಏನು ಮಾಡುತ್ತಾನೆ ನೋಡಿ, ಅದರಲ್ಲೂ ತಾನೇ ಚೆಂಡು ಕಳೆದ ಮೇಲೆ ಹಿಂದಕ್ಕೆ ಓಡುತ್ತಾನಾ ಅಂತ.

ಫೀಸ್ ರಿಯಾಯಿತಿಯನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಮೂರು ವರ್ಷಕ್ಕೆಂದು ಪತ್ರದಲ್ಲಿ ಬರೆದು ಕೊಡಿ, ಮಂಡಿಯೋ ಪಾದವೋ ಪೆಟ್ಟಾಗಿ ಆಡಲಾಗದಿದ್ದರೂ ನಿಲ್ಲದು ಎಂಬ ಸಾಲು ಇರಲಿ. ಮೊದಲ ವರ್ಷ ಮಾಫಿ ಮಾಡಿ ಎರಡನೇ ವರ್ಷ ಪೂರ್ತಿ ಕಟ್ಟಿಸಿಕೊಂಡ ಕಾಲೇಜಿಗೆ ಮುಂದಿನ ವರ್ಷ ಆ ಬೀದಿಯ ಹುಡುಗರೂ ಬರುವುದಿಲ್ಲ. ಟೂರ್ನಮೆಂಟ್ ದಿನಗಳ ಹಾಜರಿ, ತಪ್ಪಿದ ಇಂಟರ್ನಲ್ಸ್ ಹೇಗೆ ಬರೆಸುತ್ತೀರಿ ಎಂಬುದೂ ಅದೇ ಪತ್ರದಲ್ಲಿರಲಿ, ತಂದೆ ತಾಯಿ ಮೊದಲು ಕೇಳುವುದು ಅದನ್ನೇ. ಅಂತರ ವಿಶ್ವವಿದ್ಯಾಲಯ ಮಟ್ಟಕ್ಕೆ 25 ವರ್ಷದ ವಯೋಮಿತಿ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕ ನೋಡಿಯೇ ಮುಂದುವರಿಯಿರಿ. ಕಾಲೇಜಿಗೇ ಬಾರದವನ ಹೆಸರನ್ನು ಪಟ್ಟಿಗೆ ತುರುಕಿ ಸಿಕ್ಕಿಬಿದ್ದರೆ ಗೆದ್ದ ಪಂದ್ಯವೂ ಕೈಬಿಡುತ್ತದೆ.

ಪ್ರಶ್ನೆ: ಪಂದ್ಯದ ನಡುವೆ ನಾವು ಸೈಡ್‌ಲೈನಿನಿಂದ ಕೂಗಿ ಹೇಳಿದರೆ ಹುಡುಗರಿಗೆ ಸಹಾಯ ಆಗುವುದಿಲ್ಲವೆ?
– ಅಭಿಮಾನಿ, ಕುವೆಂಪುನಗರ

ಉತ್ತರ: ಆಗುವುದಿಲ್ಲ. ಬೆಂಚು ‘ಪಾಸ್’ ಎಂದು, ನೀವು ‘ಶಾಟ್’ ಎಂದು ಕೂಗಿದರೆ ಅವನು ಎರಡೂ ಮಾಡದೆ ಟ್ರಾವೆಲ್ ಆಗುತ್ತಾನೆ, ಅಂದರೆ ಚೆಂಡು ಪುಟಿಸದೆ ಹೆಜ್ಜೆ ಹಾಕಿ ತಪ್ಪು ಮಾಡುತ್ತಾನೆ.

ಪ್ರಶ್ನೆ: ನಮ್ಮ ಹುಡುಗಿಯರ ತಂಡಕ್ಕೆ ಸಂಜೆ ಒಂದೂವರೆ ಗಂಟೆ ಸಿಮೆಂಟ್ ಕೋರ್ಟ್ ಸಿಗುತ್ತದೆ. ಬರುವವರು ಒಂಬತ್ತೇ ಜನ. ಕೋಚ್ ಇಲ್ಲ. ಏನು ಮಾಡಿಸಲಿ?
– ಉಪನ್ಯಾಸಕಿ, ಮಂಡ್ಯ

ಉತ್ತರ: ಮೊದಲು ಚೆಂಡು ನೋಡಿ. ಹುಡುಗಿಯರದು 6ನೇ ಸೈಜು. ಹುಡುಗರು ಆಡಿ ಬಿಟ್ಟ 7ನೇ ಸೈಜಿನ ಹಳೇ ಚೆಂಡು ಕೊಟ್ಟಿದ್ದರೆ ಅವರ ಶಾಟ್ ಕೆಡುವುದೇ ಅದರಿಂದ. ಟೇಪ್ ಹಿಡಿದು ರಿಂಗಿನ ಎತ್ತರ ಅಳೆಯಿರಿ, 3.05 ಮೀಟರ್ ಇರಬೇಕು. ಹುಡುಗರು ಜೋತುಬಿದ್ದು ಜೋತುಬಿದ್ದು ಹೊರಾಂಗಣದ ರಿಂಗು ಮುಂದಕ್ಕೆ ಬಾಗಿರುತ್ತದೆ.

ಹತ್ತು ನಿಮಿಷ ಎರಡೂ ಕಡೆಯಿಂದ ಲೇ ಅಪ್ (ಓಡಿ ಬಂದು ರಿಂಗಿನ ಹತ್ತಿರದಿಂದ ಹಾಕುವ ಶಾಟ್), ಎಡಗೈಯದ್ದೂ ಸೇರಿ. ಇಪ್ಪತ್ತು ನಿಮಿಷ ಡ್ರಿಬಲ್ ಇಲ್ಲದೆ ಬರೀ ಪಾಸಿನಲ್ಲಿ ಮೂವರ ಮೇಲೆ ಮೂವರು, ಉಳಿದ ಮೂವರು ಸರದಿಯಲ್ಲಿ ಒಳಗೆ. ಪ್ರೆಸ್ ಬಂದಾಗ ಗಾಬರಿ ಬೀಳದಿರಲು ಇದೇ ಮದ್ದು. ಹದಿನೈದು ನಿಮಿಷ ಬಾಕ್ಸ್ ಔಟ್. ಅರ್ಧ ಗಂಟೆ ಐವರ ಮೇಲೆ ನಾಲ್ವರು: ತಡೆಯುವವರು ನಾಲ್ಕೇ ಇರಲಿ, ಆಗ ಖಾಲಿ ಇರುವವಳನ್ನು ಹುಡುಕುವುದು ರೂಢಿಯಾಗುತ್ತದೆ. ಕೊನೆಯ ಹದಿನೈದು ನಿಮಿಷ ಕೋರ್ಟಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿ ಬಂದು ಇಬ್ಬಿಬ್ಬರಾಗಿ ಎರಡೆರಡೇ ಫ್ರೀ ಥ್ರೋ. ನಿಂತಲ್ಲೇ ನಿಂತು ಐವತ್ತು ಹೊಡೆದರೆ ಪಂದ್ಯದಲ್ಲಿ ನೆರವಾಗದು, ಅಲ್ಲಿ ಏದುಸಿರಿನಲ್ಲೇ ಎಸೆಯಬೇಕು. ಮಳೆ ಬಿದ್ದ ಸಂಜೆ ಬಣ್ಣ ಬಳಿದ ಗೆರೆಗಳೇ ಮೊದಲು ಜಾರುವುದು. ಅಂದು ಓಟ ಬಿಟ್ಟು ಪಾಸ್ ಮಾತ್ರ ಮಾಡಿಸಿ.