ಚಿಕ್ಕಪ್ಪನ ವಿಕಿಪೀಡಿಯ ಪುಟಕ್ಕೆ ನೀವೇ ಕೈ ಹಾಕಬೇಡಿ

ನಿಮ್ಮ ಚಿಕ್ಕಪ್ಪ ಫೈನಾನ್ಸ್ ಪ್ರೊಫೆಸರ್, ಇಂಗ್ಲಿಷ್ ವಿಕಿಪೀಡಿಯದಲ್ಲಿ ಇನ್ನೂ ಹಳೇ ಹುದ್ದೆಯೇ ಇದೆ, ತೀರ್ಥಹಳ್ಳಿಯಲ್ಲಿ ಕೂತು ನಾನೇ ತಿದ್ದಬಹುದಾ ಅಂತ ಕೇಳಿದ್ದೀರಿ. ತಿದ್ದುವ ಬಟನ್ ಎಲ್ಲರಿಗೂ ಇದೆ, ನಿಜ. ಆದರೆ ನೀವು ಮನೆಯವರು. ಮನೆಯವರು, ಸಂಬಳ ತಗೊಂಡು ಬರೆಯುವವರು ನೇರವಾಗಿ ತಿದ್ದಬಾರದು ಅನ್ನುವುದು ಅಲ್ಲಿನ ಪದ್ಧತಿ.

ಪುಟದ ಮೇಲೆ 'ಟಾಕ್' ಅನ್ನುವ ಟ್ಯಾಬ್ ಇದೆ, ಆ ಪುಟದ ಬಗ್ಗೆ ಚರ್ಚೆ ಮಾಡುವ ಜಾಗ. ಅಲ್ಲಿ 'ಎಡಿಟ್ ಸಿಒಐ' (edit COI) ಟೆಂಪ್ಲೇಟ್, ಅಂದರೆ ಹಿತಾಸಕ್ತಿ ಸಂಘರ್ಷ ಇರುವವರು ತಿದ್ದುಪಡಿ ಕೇಳುವ ಸಿದ್ಧ ನಮೂನೆ, ಹಾಕಿ, ಇವರು ನನ್ನ ಚಿಕ್ಕಪ್ಪ ಅಂತ ಮೊದಲೇ ಹೇಳಿಬಿಡಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಸರಿಯಾದ ಮಾಹಿತಿಯ ಮೇಲೂ ಅನುಮಾನ ಬರುತ್ತದೆ. ಯಾವ ವಾಕ್ಯ ಹೋಗಬೇಕು, ಅದರ ಜಾಗದಲ್ಲಿ ಏನು ಬರಬೇಕು, ಆಧಾರ ಎಲ್ಲಿದೆ, ಅಷ್ಟೇ ಬರೆಯಿರಿ. ಸುಮ್ನೆ 'ಪುಟ ಅಪ್‌ಡೇಟ್ ಮಾಡಿ' ಅಂದರೆ ಯಾರೂ ಮುಟ್ಟುವುದಿಲ್ಲ.

ಹುದ್ದೆ, ಸೇರಿದ ವರ್ಷ ಇವಕ್ಕೆ ವಿಶ್ವವಿದ್ಯಾಲಯದ ಪುಟವೇ ಸಾಕು. 'ಈ ಕ್ಷೇತ್ರದಲ್ಲಿ ದೊಡ್ಡ ಹೆಸರು' ಅನ್ನಬೇಕಾದರೆ ಅವರಿಗೆ ಸಂಬಂಧವಿಲ್ಲದವರು ಬರೆದದ್ದು ಬೇಕು. ಹೊಗಳಿಕೆಯೆಲ್ಲ ಸನ್ಮಾನ ಪತ್ರದಲ್ಲಿ ಚಂದ. ಪ್ರಬಂಧಗಳ ಉದ್ದ ಪಟ್ಟಿಯೂ ಬೇಡ. 1946ರಿಂದ ಬರುತ್ತಿರುವ 'ಜರ್ನಲ್ ಆಫ್ ಫೈನಾನ್ಸ್'ನಂಥ ಕಡೆ ಬಂದ, ಬೇರೆಯವರು ಜಾಸ್ತಿ ಉಲ್ಲೇಖಿಸಿದ ನಾಲ್ಕೈದು ಕೊಡಿ.

ನಿಮ್ಮ ಕೋರಿಕೆ ನೋಡುವವರೆಲ್ಲ ಸ್ವಯಂಸೇವಕರು. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಆಗುತ್ತವೆ. ಆಗುಂಬೆಯ ಮಳೆ ನಿಲ್ಲಲಿ ಅಂತ ಕಾಯುವವರಿಗೆ ಇದೇನು ಹೊಸದಲ್ಲ, ಅಲ್ವಾ? ಆದರೆ ಚಿಕ್ಕಪ್ಪನ ಬಗ್ಗೆ ಆಧಾರವಿಲ್ಲದ ಆರೋಪ ಏನಾದರೂ ಪುಟದಲ್ಲಿದ್ದರೆ ಕಾಯಬೇಡಿ. ಅದನ್ನು ಮಾತ್ರ ನೀವೇ ತೆಗೆದು, ಟಾಕ್ ಪುಟದಲ್ಲಿ ಕಾರಣ ಬರೆದಿಡಿ.