ಪರೀಕ್ಷೆಯ ಮರುದಿನದಿಂದ ಬರೆಯಿರಿ

ಲೇಖಕಿಯವರಿಗೆ ನಮಸ್ಕಾರ.

ಮೂಡಿಗೆರೆ ಸೀಮೆಯ ಕಾಫಿ ತೋಟದ ಹೆಣ್ಣಾಳುಗಳು ಮತ್ತು ಗರ್ಭಕಂಠದ ಕ್ಯಾನ್ಸರ್ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವಂತೆ ಹಾಕಿಕೊಳ್ಳಲು ಬರುವುದಿಲ್ಲ. ಭಾಷೆ ಸಲೀಸು, ಕಳಕಳಿಯೂ ನಿಜ. ಆದರೆ ಆರು ಪುಟದಲ್ಲಿ ನಾಲ್ಕು ಪುಟ ಸಂಕೋಚ, ಅರಿವಿನ ಕೊರತೆ ಎನ್ನುವುದರಲ್ಲೇ ಕಳೆದಿದೆ. ಸಂಕೋಚ ಬಿಟ್ಟು ಬಂದವಳಿಗೆ ಮುಂದೇನು? ‘ನಂತರ ಚಿಕಿತ್ಸೆ ಪಡೆಯಬಹುದು’ ಅಂತ ಒಂದೇ ಸಾಲು. ಬಡ ದೇಶಗಳ ತಪಾಸಣೆ ಮುಗ್ಗರಿಸುವುದು ಆ ಸಾಲಿನಲ್ಲೇ.

‘ವಿನೆಗರ್ ಪರೀಕ್ಷೆ’ ಎಂದಿರಿ, ಹೇಗೆಂದು ಹೇಳಲಿಲ್ಲ. ಗರ್ಭಕಂಠಕ್ಕೆ ಆಮ್ಲ ಹಚ್ಚಿ, ಬಿಳುಪಾಗುವ ಜಾಗವಿದೆಯೇ ಎಂದು ಕಣ್ಣಿಂದ ನೋಡುವುದು ಅದು. ಬೇಕಾದ್ದು ಶೇ. 3ರಿಂದ 5ರ ಅಸಿಟಿಕ್ ಆಮ್ಲ. 95 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 5 ಮಿ.ಲೀ. ಗ್ಲೇಶಿಯಲ್ ಆಮ್ಲ, ಅಂದರೆ ನೀರಿಲ್ಲದ ಗಟ್ಟಿ ಅಸಿಟಿಕ್ ಆಮ್ಲ. ನೀರಿಗೆ ಬೆರೆಸದೆ ಹಚ್ಚಿದರೆ ಒಳಗೆ ಸುಡುತ್ತದೆ. ದ್ರಾವಣ ಅಂದಂದಿನದೇ ಆಗಬೇಕು. ಹತ್ತಿಯಿಂದ ಒದ್ದೆ ಮಾಡಿ ಒಂದು ನಿಮಿಷ ಪೂರ್ತಿ ಕಾಯಬೇಕು. ಶಿಬಿರದಲ್ಲಿ ಸಾಲು ಉದ್ದವಾದಾಗ ಮೊದಲು ಮಾಯವಾಗುವುದು ಈ ನಿಮಿಷವೇ, ಜೊತೆಗೆ ಒಳ್ಳೆಯ ಬೆಳಕು. ಗರ್ಭಕಂಠದ ಒಳಚರ್ಮ ಹೊರಚರ್ಮ ಸೇರುವ ಗೆರೆಗೆ ತಾಗಿಕೊಂಡು, ಅಂಚು ಸ್ಪಷ್ಟವಾಗಿರುವ ಗಟ್ಟಿ ಬಿಳುಪು ಮಾತ್ರ ಲೆಕ್ಕಕ್ಕೆ. ದೂರದಲ್ಲಿ ಅಲ್ಲಲ್ಲಿ ಮಸುಕಾಗಿ ಕಂಡದ್ದು ಅಲ್ಲ.

‘ಬಿಳಿ ಮಚ್ಚೆ ಕಂಡರೆ ಕ್ಯಾನ್ಸರ್’ ಎಂಬ ಸಾಲು ಹೊಡೆದುಹಾಕಿ. ಅದು ಹೆಚ್ಚಾಗಿ ಕ್ಯಾನ್ಸರ್‌ಗೆ ವರ್ಷಗಳ ಮೊದಲಿನ ಬದಲಾವಣೆ, ಎಷ್ಟೋ ಸಲ ಅದೂ ಅಲ್ಲ. ನಿಮ್ಮ ಸಾಲು ಓದಿದ ಲೈನ್ ಮನೆಯ (ತೋಟದ ಆಳುಗಳ ಸಾಲುಮನೆಯ) ಹೆಂಗಸು ‘ಎಲ್ಲ ಮುಗೀತು’ ಅಂತ ಮನೆಯಲ್ಲೇ ಕೂರುತ್ತಾಳೆ. ‘ಎಲ್ಲ ವಯಸ್ಸಿನವರೂ’ ಎಂಬುದೂ ಸಲ್ಲ. ನಮ್ಮ ಸರ್ಕಾರಿ ಕಾರ್ಯಕ್ರಮ 30ರಿಂದ 65 ವರ್ಷದವರಿಗೆ, ಐದು ವರ್ಷಕ್ಕೊಮ್ಮೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿಯುವುದರಿಂದ ಕಣ್ಣಳತೆಯ ಪರೀಕ್ಷೆ ಅವರಿಗೆ ನೆಚ್ಚತಕ್ಕದ್ದಲ್ಲ. 2021ರಿಂದ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮುಂದಿಡುತ್ತಿದೆ. ಈ ಕ್ಯಾನ್ಸರ್ ತರುವ ವೈರಸ್ಸೇ ಎಚ್‌ಪಿವಿ, ಅದು ಒಳಗಿದೆಯೇ ಎಂದು ನೋಡುವ ಪರೀಕ್ಷೆ ಇದು. ಅದಕ್ಕೆ ಮಾದರಿಯನ್ನು ಹೆಂಗಸೇ ಮರೆಯಲ್ಲಿ ತೆಗೆದುಕೊಡಬಹುದು. ಸಂಕೋಚಕ್ಕೆ ನಾಲ್ಕು ಪುಟ ಕೊಟ್ಟವರು ಇದನ್ನು ಬಿಟ್ಟದ್ದೇಕೆ?

ಎಚ್‌ಪಿವಿ ಲಸಿಕೆ ಹಾಕಿಸಿದರೆ ತಪಾಸಣೆ ಬೇಡ ಎನ್ನುವುದೂ ತಪ್ಪು. ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಕಾರಣ ಲಸಿಕೆ ಮುಖ್ಯವಾಗಿ ತಡೆಯುವ 16 ಮತ್ತು 18ನೇ ಬಗೆಯ ಎಚ್‌ಪಿವಿ. ಉಳಿದವು ಉಳಿದೇ ಇರುತ್ತವೆ. 9ರಿಂದ 14ರ ಹುಡುಗಿಯರಿಗೆ ಲಸಿಕೆ ಹಾಕಿಸುವ ವಿಷಯ ಮಾತ್ರ ನೀವು ಸರಿಯಾಗಿ ಬರೆದಿದ್ದೀರಿ.

‘ವೈದ್ಯರಿಲ್ಲದೆ ಆಗದು’ ಎಂದಿದ್ದೀರಿ. ಮುಂಬೈ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರೇ ವಿನೆಗರ್ ಪರೀಕ್ಷೆ ಮಾಡಿ, ಈ ಕ್ಯಾನ್ಸರ್‌ನ ಸಾವು ಶೇ. 31ರಷ್ಟು ಇಳಿದದ್ದನ್ನು ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ತೋರಿಸಿದ್ದಾರೆ. ಅಲ್ಲಿ ಮುಂದಿನ ಚಿಕಿತ್ಸೆಗೆ ಆ ಆಸ್ಪತ್ರೆಯೇ ಬೆನ್ನಿಗಿತ್ತು ಎಂಬುದನ್ನೂ ಸೇರಿಸಿ.

ಇನ್ನು ನೀವು ಬರೆಯಬೇಕಾದ್ದು. ಮಚ್ಚೆ ಪೂರ್ತಿ ಕಾಣುವಂತಿದ್ದು, ಗರ್ಭಕಂಠದ ಮುಕ್ಕಾಲು ಭಾಗ ಮೀರದೆ, ನಾಳದೊಳಗೆ ಹೋಗದೆ ಇದ್ದರೆ, ಸುಮಾರು 100 ಡಿಗ್ರಿಗೆ ಕಾಯಿಸಿದ ಸಣ್ಣ ಸಲಾಕೆಯನ್ನು ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಒತ್ತಿ ಅದೇ ದಿನ ಆ ಮಚ್ಚೆಯನ್ನು ಸುಡಬಹುದು. ಗಡ್ಡೆ ಇದ್ದರೆ, ಮುಟ್ಟಿದರೆ ರಕ್ತ ಬಂದರೆ ಸುಡಕೂಡದು, ನೇರ ಬಯಾಪ್ಸಿಗೆ, ಅಂದರೆ ಚೂರು ತೆಗೆದು ಪರೀಕ್ಷಿಸಲು ಕಳಿಸಬೇಕು. ಸುಟ್ಟ ಮೇಲೆ ಕೆಲವು ವಾರ ಯೋನಿಯಿಂದ ನೀರಿನಂಥ ಸ್ರಾವ ಹೋಗುತ್ತದೆ, ನಾಲ್ಕು ವಾರ ಗಂಡನ ಜೊತೆ ಸೇರುವಂತಿಲ್ಲ. ಇದನ್ನು ಗಂಡನಿಗೆ ಹೇಳುವವರು ಯಾರು? ಲೇಖನದಲ್ಲಿ ಗಂಡಸಿನ ಸುಳಿವೇ ಇಲ್ಲ.

ಅದೇ ದಿನ ಆಗದಿದ್ದರೆ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗಬೇಕು: ಬಸ್ ಚಾರ್ಜು, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಒಂದು ಹಾಜರಿ ಖೋತಾ. ಡಿಸೆಂಬರ್-ಜನವರಿಯ ಕೊಯ್ಲಿನಲ್ಲಿ ಯಾರು ಬಿಡುತ್ತಾರೆ? ಹೊರಗಿಂದ ಕೊಯ್ಲಿಗೆ ಬಂದವರಂತೂ ವರದಿ ಬರುವ ಹೊತ್ತಿಗೆ ಲೈನ್ ಮನೆ ಖಾಲಿ ಮಾಡಿರುತ್ತಾರೆ. ಒಬ್ಬ ಆಶಾ ಕಾರ್ಯಕರ್ತೆಯ ಪಟ್ಟಿ ಹಿಡಿದು ಕೂತು ಕೇಳಿ: ಎಷ್ಟು ಜನಕ್ಕೆ ಮಚ್ಚೆ ಕಂಡಿತ್ತು, ಅವರಲ್ಲಿ ಎಷ್ಟು ಜನ ಚಿಕಿತ್ಸೆಗೆ ಹೋದರು, ಒಂದು ವರ್ಷದ ಮರುಪರೀಕ್ಷೆಗೆ ಎಷ್ಟು ಜನ ಬಂದರು. ಹೆಸರುಗಳನ್ನು ಬರೆದುಕೊಳ್ಳಬೇಡಿ.

ಕೊನೆಯ ಕವಿತೆ ತೆಗೆಯಿರಿ. ಮೂರು ಪುಟ ಸಾಕು. ಕೊಯ್ಲಿಗೆ ಮುಂಚಿನ ಸಂಚಿಕೆಗೆ ಹಾಕೋಣ, ಅಕ್ಟೋಬರ್ ಮುಗಿಯುವುದರೊಳಗೆ ಕಳಿಸಿ.

— ಸಂಪಾದಕ