ಮೊಣಕಾಲಿಗೆ ಮದ್ದು ಸಿಕ್ಕಿತು ಅನ್ನುವ ಮೊದಲು

ನಮಸ್ಕಾರ. ಕೀಲು ಸವೆತ ಮತ್ತು ಮೈಕ್ರೋಆರ್‌ಎನ್‌ಎ (ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕು) ಬಗ್ಗೆ ನೀವು ಹಾವೇರಿಯಿಂದ ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ.

ನನ್ನ ದೊಡ್ಡ ತಕರಾರು ತಲೆಬರಹದ್ದು. ‘ಮೊಣಕಾಲು ನೋವಿಗೆ ಹೊಸ ಮದ್ದು’ ಅಂದಿದ್ದೀರಿ. ಎಲ್ಲಿದೆ ಆ ಮದ್ದು? ಈ ರೋಗಕ್ಕೆ ಒಪ್ಪಿಗೆ ಸಿಕ್ಕ ಮೈಕ್ರೋಆರ್‌ಎನ್‌ಎ ಔಷಧ ಇನ್ನೂ ಬಂದಿಲ್ಲ. ನಮ್ಮ ಓದುಗರು ಪತ್ರಿಕೆ ಮಡಚಿಕೊಂಡು ಹುಬ್ಬಳ್ಳಿ ಕಿಮ್ಸ್‌ಗೆ ಹೋಗಿ ‘ಆ ಇಂಜೆಕ್ಷನ್ ಕೊಡ್ರಿ’ ಅನ್ನುವ ಜನ. ಕ್ಯಾನ್ಸರಿಗೆ ಅಂತ ತಯಾರಿಸಿದ ಇಂಥದೇ ಒಂದು ಔಷಧದ ಪ್ರಯೋಗವನ್ನು 2016ರಲ್ಲಿ ನಿಲ್ಲಿಸಬೇಕಾಯಿತು. ರೋಗಿಗಳ ರೋಗನಿರೋಧಕ ವ್ಯವಸ್ಥೆಯೇ ಕೆರಳಿತ್ತು. ಅದನ್ನು ನೀವು ಬರೆದೇ ಇಲ್ಲ.

ನಿಮ್ಮ ನಿಜವಾದ ಕಥೆ ನಾಲ್ಕನೇ ಪುಟದಲ್ಲಿ ಅಡಗಿ ಕೂತಿದೆ. ಎಂಐಆರ್-140 ಕೀಲಿನ ಕಾರ್ಟಿಲೇಜ್‌ನಲ್ಲಿ, ಅಂದರೆ ಎಲುಬಿನ ತುದಿಗೆ ಮೆತ್ತೆಯ ಹಾಗಿರುವ ಮೃದು ಎಲುಬಿನಲ್ಲಿ, ಜಾಸ್ತಿ ಇರುವ ಮೈಕ್ರೋಆರ್‌ಎನ್‌ಎ. ಕಾರ್ಟಿಲೇಜ್ ಕಡಿಯುವ ಒಂದು ಕಿಣ್ವವನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಈ ಎಂಐಆರ್-140 ಅನ್ನೇ ತೆಗೆದುಹಾಕಿದ ಇಲಿಗಳಿಗೆ ಬೇಗನೆ ಕೀಲು ಸವೆಯಿತು ಅಂತ 2010ರಲ್ಲಿ ಗೊತ್ತಾಯಿತು. ಇಲ್ಲಿಂದಲೇ ಶುರು ಮಾಡಿ. ಮೈಕ್ರೋಆರ್‌ಎನ್‌ಎ ಪತ್ತೆಗೆ ಸಿಕ್ಕ 2024ರ ನೊಬೆಲ್, ಅದನ್ನು ಪಡೆದ ಆಂಬ್ರೋಸ್, ರವ್ಕುನ್, ಅವರ ಹುಳುವಿನ ಸಂಶೋಧನೆ ಎಲ್ಲಾ ಎರಡು ಸಾಲಿಗೆ ಇಳಿಯಲಿ.

ರೋಗ ಪತ್ತೆಯ ಭಾಗ ಸಪ್ಪೆ ಆಗಿದೆ, ಅದೂ ಲ್ಯಾಬಿನಲ್ಲಿ ಕೆಲಸ ಮಾಡುವ ನೀವು ಬರೆದು! ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣುವುದಿಲ್ಲ, ಎಲುಬುಗಳ ನಡುವಿನ ಸಂದು ಕಿರಿದಾದಾಗ ಮಾತ್ರ ಗೊತ್ತಾಗುತ್ತದೆ. ಅಷ್ಟರಲ್ಲಿ ಸವೆತ ಮುಂದೆ ಹೋಗಿರುತ್ತದೆ. ಮೈಕ್ರೋಆರ್‌ಎನ್‌ಎ ರಕ್ತದಲ್ಲಿ, ಕೀಲಿನ ದ್ರವದಲ್ಲಿ ಕೆಡದೆ ಉಳಿಯುತ್ತದೆ, ಅದಕ್ಕೇ ಇದರಿಂದ ರೋಗ ಬೇಗ ಪತ್ತೆ ಮಾಡುವ ಆಸೆ ಹುಟ್ಟಿದ್ದು. ಆದರೆ ಸ್ಯಾಂಪಲ್‌ನಲ್ಲಿ ಕೆಂಪು ರಕ್ತಕಣ ಒಡೆದರೆ ಅವುಗಳ ಮೈಕ್ರೋಆರ್‌ಎನ್‌ಎಯೂ ಸೇರಿ ಲೆಕ್ಕ ಕೆಡುತ್ತದೆ. ಒಂದು ಅಧ್ಯಯನದಲ್ಲಿ ಏರಿದ್ದು ಇನ್ನೊಂದರಲ್ಲಿ ಏರದೆ ಇರಲು ಇದೂ ಒಂದು ಕಾರಣ. ಟ್ಯೂಬಿನಲ್ಲಿ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕೆಂಪಗೆ ಕಂಡರೆ ನೀವು ಏನು ಮಾಡುತ್ತೀರಿ? ಅದನ್ನು ಬರೆಯಿರಿ. ನಮ್ಮ ಕಚೇರಿಯಲ್ಲಿ ಯಾರಿಗೂ ಅದು ಬರೆಯಲು ಬರುವುದಿಲ್ಲ.

ಬ್ಯಾಡಗಿಯಲ್ಲಿ ದಿನವಿಡೀ ನೆಲಕ್ಕೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ ಒಂದೇ ಸಾಲು ಬರೆದು ಬಿಟ್ಟಿದ್ದೀರಿ, ಅಲ್ವಾ? ಅವರಿಗೆ ಇವತ್ತು ಸಿಗುವುದು ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ನೋವಿನ ಗುಳಿಗೆ, ಕೊನೆಗೆ ಕೀಲು ಬದಲಿ ಆಪರೇಷನ್. ಇಷ್ಟನ್ನೂ ನೇರವಾಗಿ ಹೇಳಿ. ‘ಕ್ರಾಂತಿಕಾರಿ’ ಅನ್ನುವ ಪದ ಎಲ್ಲಾ ಕಡೆ ಹೊಡೆದುಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ತಲೆಬರಹ ನಾನೇ ಇಡುತ್ತೇನೆ.